ನಿಂತು ಅಳತೆ ಕೊಟ್ಟವರು

ಕಚೇರಿಯಲ್ಲಿ ಅವಳಿಗೆ ತಕ್ಕಡಿ ಎಂದು ಹೆಸರು. ಹನ್ನೊಂದು ವರ್ಷದಿಂದ ಅವಳು ಒಂದೇ ಆಟಕ್ಕೆ ದುಡಿಯುತ್ತಿದ್ದಳು. ಸಾವಿರಾರು ಜನ ತಮ್ಮ ತಮ್ಮ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು, ಐದೈದು ಮಂದಿ ತಂಡ ಕಟ್ಟಿಕೊಂಡು, ಪರದೆಯ ಮೇಲೆ ಒಬ್ಬರಿಗೊಬ್ಬರು ಎದುರಾಗಿ ಕಾದಾಡುವ ಆನ್‌ಲೈನ್ ಆಟ ಅದು. ಯಾವ ಪಾತ್ರದ ಕೈ ಮೇಲಾಯಿತು, ಯಾವುದು ಸೊರಗಿತು ಎಂದು ಅಂಕಿ ನೋಡಿ, ಇಲ್ಲಿಂದ ಚೂರು ತೆಗೆದು ಅಲ್ಲಿಗೆ ಚೂರು ಹಾಕಿ ಸಮ ಮಾಡುವುದು ಅವಳ ಕೆಲಸ. ಸಮವಾಗಿದ್ದಾಗ ಯಾರೂ ಅವಳನ್ನು ನೆನೆಯುತ್ತಿರಲಿಲ್ಲ. ತಪ್ಪಿದ ದಿನ ನಾಲ್ಕು ಸಾವಿರ ಬೈಗುಳ ಬರುತ್ತಿದ್ದವು. ಅವನ್ನೂ ಅವಳು ವಿಂಗಡಿಸಿ, ದಿನಾಂಕ ಹಾಕಿ ಇಡುತ್ತಿದ್ದಳು.

ತಂಡದಲ್ಲಿ ಮೂರು ಬಗೆಯ ಪಾತ್ರ. ಮುಂದೆ ನಿಂತು ಏಟು ತಿನ್ನುವ ಗುರಾಣಿ ಒಬ್ಬರು, ಹೊಡೆಯುವವರು ಮೂವರು, ಗಾಯ ಮಾಯಿಸುವ ವೈದ್ಯ ಒಬ್ಬರು. ಹೊಡೆಯುವುದಕ್ಕೆ ಎಲ್ಲರೂ ನಾ ಮುಂದು ತಾ ಮುಂದು. ಮುಲಾಮು ಹಚ್ಚುವುದಕ್ಕೆ ಯಾರೂ ಇಲ್ಲ. ನೂರು ಜನರಲ್ಲಿ ಇಪ್ಪತ್ತು ವೈದ್ಯರು ಬೇಕಾದ ಕಡೆ ಏಳು ಜನ ಸಿಗುತ್ತಿದ್ದರು. ಹಾಗಾಗಿ ವೈದ್ಯರು ಬಂದ ಕೂಡಲೇ ಒಳಗೆ ಹೋಗುತ್ತಿದ್ದರು, ಉಳಿದವರು ಕ್ಯೂನಲ್ಲಿ ಕಾಯುತ್ತಿದ್ದರು. ಕಾಯುವ ಹೊತ್ತಿನ ದಿನದ ಸರಾಸರಿ ಅವಳ ಮೇಜಿನ ಎಡಗಡೆಯ ಪರದೆಯಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುತ್ತಿತ್ತು. ಆಟ ಶುರುವಾದ ಕ್ಷಣದಲ್ಲಿ, ಆ ಆಟಗಾರ ಅಲ್ಲಿಯವರೆಗೆ ಕಾದದ್ದು ಸರಾಸರಿಗೆ ಸೇರಬೇಕು. ಆಟ ಸಿಗದೆ ಎದ್ದುಹೋದವರದು ಸೇರುವುದಿಲ್ಲ. ಈ ನಿಯಮ ಬರೆದವಳು ಅವಳೇ, ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ.

ಆ ವರ್ಷ ಸರಾಸರಿ ಹತ್ತೊಂಬತ್ತು ನಿಮಿಷಕ್ಕೆ ಏರಿತು. ಹತ್ತೊಂಬತ್ತು ನಿಮಿಷ ಕಾದು ಎಂಟು ನಿಮಿಷ ಆಡುವ ಆಟವನ್ನು ಯಾರು ಆಡುತ್ತಾರೆ? ಕಂಪನಿಯ ಮಾಲೀಕರು ಬೇರೆ ಊರಿನಲ್ಲಿದ್ದವರು, ಕಚೇರಿಯ ಮುಖ್ಯಸ್ಥರಿಗೆ ಒಂದು ಸಾಲು ಬರೆದರು: ಇಂದಿನಿಂದ ನಲವತ್ತನೆಯ ದಿನ ಸಂಜೆ ಆರು ಗಂಟೆಗೆ ಸರಾಸರಿ ಐದು ನಿಮಿಷದ ಒಳಗಿರಬೇಕು, ಇಲ್ಲದಿದ್ದರೆ ಸರ್ವರ್ ನಿಲ್ಲಿಸಿ ಆಟ ಮುಚ್ಚುವುದು.

ಕಚೇರಿಯಲ್ಲಿ ಇಪ್ಪತ್ಮೂರು ಜನ. ಎಲ್ಲರ ಮುಖದ ಬಣ್ಣ ಇಳಿಯಿತು. ತಕ್ಕಡಿಯ ಮುಖ ಮಾತ್ರ ಬೇರೆ ಕಾರಣಕ್ಕೆ ಇಳಿಯಿತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಅವಳ ಅಪ್ಪ ದರ್ಜಿ. ಮೂವತ್ತೆಂಟು ವರ್ಷ ಒಂದೇ ಬೀದಿಯಲ್ಲಿ, ಮೂರು ಮೆಟ್ಟಿಲು ಹತ್ತಿ ಹೋಗುವ ಅಂಗಡಿಯಲ್ಲಿ ಕೋಟು, ಪ್ಯಾಂಟು, ಶಾಲೆಯ ಸಮವಸ್ತ್ರ ಹೊಲಿದವರು. ಸೂಜಿಗೆ ದಾರ ಪೋಣಿಸುವಾಗ ಎರಡನೆಯ ಸಲ ಯತ್ನಿಸಿದ್ದನ್ನು ಮಗಳು ನೋಡಿಯೇ ಇರಲಿಲ್ಲ. ಅರವತ್ತೊಂದನೆಯ ವಯಸ್ಸಿನಲ್ಲಿ ಬಲಗೈ ನಡುಗಲು ಶುರುವಾಯಿತು. ನರದ ಕಾಯಿಲೆ, ಮಾತ್ರೆಯಿಂದ ತಡೆಯಬಹುದು, ವಾಸಿಯಾಗುವುದಿಲ್ಲ ಎಂದರು ಡಾಕ್ಟರು. ಮೂರನೆಯ ಸಲ ಮೆಷಿನ್ ಸೂಜಿ ಉಗುರಿನಲ್ಲಿ ಇಳಿದ ದಿನ ಅವರು ಅಂಗಡಿಯ ಬಾಗಿಲು ಎಳೆದು ಮಗಳ ಮನೆಗೆ ಬಂದರು. ಹೆಂಡತಿ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ನಡುಗುವ ಕೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು, ದಿನವಿಡೀ ಕಿಟಕಿ ನೋಡುತ್ತಿದ್ದರು.

ಒಂದು ಭಾನುವಾರ, ಆಟದ ಗಂಧಗಾಳಿ ಇಲ್ಲದವರೊಬ್ಬರು ಆಡಿದರೆ ಎಲ್ಲಿ ಎಡವುತ್ತಾರೆ ಎಂದು ತಿಳಿಯಲು ತಕ್ಕಡಿ ಅಪ್ಪನನ್ನು ಕೂರಿಸಿದಳು. ಹೊಡೆಯುವ ಪಾತ್ರದಲ್ಲಿ ಅವರ ಬಾಣ ಆಕಾಶಕ್ಕೆ ಹೋಯಿತು. ವೈದ್ಯನ ಪಾತ್ರದಲ್ಲಿ ಗುರಿಯಿಡುವ ಕೆಲಸವಿರಲಿಲ್ಲ. ಒಂದರಿಂದ ನಾಲ್ಕರವರೆಗಿನ ಕೀಲಿ, ನಾಲ್ವರು ಜೊತೆಗಾರರು. ಯಾರ ಕೀಲಿ ಒತ್ತಿದರೆ ಅವರ ಗಾಯಕ್ಕೆ ಮದ್ದು ತಾನಾಗಿ ಹೋಗಿ ತಾಗುತ್ತಿತ್ತು. ಯಾರಿಗೆ ಮೊದಲು, ಯಾರನ್ನು ಇನ್ನೆರಡು ಕ್ಷಣ ತಡೆಯಬಹುದು ಎಂಬುದಷ್ಟೇ ಲೆಕ್ಕ. ಒಂದೇ ಸಲಕ್ಕೆ ಐವತ್ತು ಗಿರಾಕಿಗಳನ್ನು ಸಂಭಾಳಿಸಿದವರಿಗೆ ನಾಲ್ವರು ಯಾವ ಲೆಕ್ಕ! ಆರು ತಿಂಗಳಲ್ಲಿ ಅವರಿಗೊಂದು ಕಾಯಂ ತಂಡ ಸಿಕ್ಕಿತು. ಆಟದಲ್ಲಿ ಅವರ ಹೆಸರು ದರ್ಜಿ. ಗುರಾಣಿಯಾಗಿ ಮುಂದೆ ನಿಲ್ಲುವವಳು ಬಸ್ ಓಡಿಸುವ ಹೆಂಗಸು, ಗೋಡೆ ಎಂದು ಹೆಸರಿಟ್ಟುಕೊಂಡವಳು. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಬರುತ್ತಿದ್ದಳು. ಅವಳ ದನಿ ಹೆಡ್‌ಫೋನ್ ದಾಟಿ ಅಡುಗೆಮನೆಯವರೆಗೂ ಕೇಳುತ್ತಿತ್ತು.

"ದರ್ಜಿಗಳೇ, ಹೊಟ್ಟೆ ಹರೀತು, ಹೊಲೀರಿ!"

"ನಾಳೆ ಬಾಮ್ಮ."

"ನಾಳೆ ಬರೋಕೆ ಜೀವ ಇರ್ಬೇಕಲ್ಲ!"

"ಹಾಗಾದ್ರೆ ಗುಂಡಿ ಒಂದು ಹಾಕಿ ಕೊಡ್ತೀನಿ, ಸದ್ಯಕ್ಕೆ ತೊಟ್ಕೊಂಡು ಓಡು."

ತೊಡೆಯ ಕೆಳಗಿನ ಕೈ ಮೇಲೆ ಬಂದಿತ್ತು. ಆಟ ನಿಂತರೆ ಅದು ಮತ್ತೆ ಎಲ್ಲಿಗೆ ಹೋಗುತ್ತದೆ ಎಂದು ತಕ್ಕಡಿಗೆ ಗೊತ್ತಿತ್ತು.

ಮೊದಲು ಅವಳು ಮಾಡಿದ್ದು ಕಾಗದದ ಮೇಲೆ ನೋಡಿದರೆ ಸರಿಯಾದ ಕೆಲಸ. ಆಟ ಮುಗಿದಾಗ ಯಾರು ಎಷ್ಟು ಜನರನ್ನು ಕೊಂದರು ಎಂಬ ಪಟ್ಟಿ ಬರುತ್ತಿತ್ತು, ವೈದ್ಯನ ಮುಂದೆ ಯಾವಾಗಲೂ ಸೊನ್ನೆ. ಯಾರಿಗೆ ಬೇಕು ಆ ಪಾತ್ರ? ಮಾಯಿಸಿದ ಗಾಯಕ್ಕೆ ಇಷ್ಟು ಎಂದು ಅಂಕ ಕೊಟ್ಟಳು. ಒಂದು ವಾರದಲ್ಲಿ ವೈದ್ಯರು ನೂರಕ್ಕೆ ಏಳರಿಂದ ಹನ್ನೆರಡಾದರು. ಮುಖ್ಯಸ್ಥರು ಅವಳ ಮೇಜಿನ ಹತ್ತಿರ ಬಂದು, "ಭಲೇ ತಕ್ಕಡಿ!" ಎಂದು ಹೋದರು. ಒಂಬತ್ತನೆಯ ದಿನ ಅಪ್ಪ ಊಟದ ನಡುವೆ ಹೇಳಿದರು.

"ಪುಟ್ಟಿ, ಈ ಹೊಸ ವೈದ್ಯರು ಗಾಯ ದೊಡ್ಡದಾಗ್ಲಿ ಅಂತ ಕಾಯ್ತಾರೆ ಕಣೆ."

"ಯಾಕಪ್ಪ ಕಾಯ್ತಾರೆ?"

"ಸಣ್ಣ ಹರುಕು ಹೊಲಿದ್ರೆ ನಿನ್ನ ಅಂಕ ಕಮ್ಮಿ ಬರತ್ತಲ್ಲ. ಪೂರ್ತಿ ಹರಿಯೋ ತನಕ ಕೈಕಟ್ಟಿ ನೋಡ್ತಾರೆ. ನಾನು ಗಿರಾಕಿ ಪ್ಯಾಂಟು ನಾನೇ ಹರಿದು ಹೊಲಿದಿದ್ರೆ ಈ ಹೊತ್ತಿಗೆ ಬಂಗ್ಲೆ ಕಟ್ಟಿಸ್ತಿದ್ದೆ."

ಮರುದಿನ ಅವಳು ಅಂಕಿ ತೆಗೆದು ನೋಡಿದಳು. ಮೊದಲೆಲ್ಲ ಜೊತೆಗಾರನ ಪ್ರಾಣ ನೂರರಲ್ಲಿ ಎಪ್ಪತ್ತೆರಡಕ್ಕೆ ಇಳಿದಾಗ ವೈದ್ಯನ ಕೈ ಏಳುತ್ತಿತ್ತು. ಈಗ ಮೂವತ್ತನಾಲ್ಕಕ್ಕೆ. ಸಾಯಬಾರದವರು ಸಾಯುತ್ತಿದ್ದರು, ಸತ್ತವರು ಆಟ ಬಿಟ್ಟು ಹೋಗುತ್ತಿದ್ದರು. ಅಂಕವನ್ನು ವಾಪಸ್ ತೆಗೆದಳು. ಹೊಸ ವೈದ್ಯರೂ ಹೋದರು. ಹನ್ನೆರಡು ದಿನ ಹಾಳಾಗಿತ್ತು, ಬೈಗುಳ ಐದು ಸಾವಿರದ ಇನ್ನೂರು.

ಆಮೇಲೆ ದಾರಿ ತೋರಿಸಿದವಳು ಮಿಂಚು. ಪಕ್ಕದ ಮೇಜಿನ ಪ್ರೋಗ್ರಾಮರ್, ಮಾತು ಮುಗಿಯುವ ಮೊದಲೇ ಕೆಲಸ ಮುಗಿಸುವವಳು.

"ಅಕ್ಕಾ, ವೈದ್ಯನ ಪಾತ್ರ ಬೋರು. ಕೀಲಿ ಒತ್ತೋದು, ಕೂರೋದು. ಲಿಫ್ಟ್ ನಡೆಸೋ ಕೆಲ್ಸ. ಮದ್ದಿನ ಸೀಸೆ ಕೈಗೆ ಕೊಡಿ, ಗುರಿಯಿಟ್ಟು ಎಸೀಲಿ. ತಾಗಿದ್ರೆ ಬದುಕಿದ, ತಪ್ಪಿದ್ರೆ ಹೋದ. ಆಗ ನೋಡಿ ಜನ ಹೇಗೆ ಮುಗಿಬೀಳ್ತಾರೆ."

ನೂರು ಜನರನ್ನು ಕರೆಸಿ ಪರೀಕ್ಷೆ ಮಾಡಿದರು. ವೈದ್ಯನ ಪಾತ್ರ ಆರಿಸಿಕೊಂಡವರು ಹದಿನೆಂಟು. ಎರಡನೆಯ ಪರೀಕ್ಷೆ, ಮತ್ತೆ ಹದಿನೆಂಟು. ಮಿಂಚು ಕುರ್ಚಿಯ ಮೇಲೆ ಹತ್ತಿ ಕುಣಿದಳು. ತಕ್ಕಡಿ ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ, ನೀರು ಹರಿಯುತ್ತಿದ್ದಂತೆಯೇ ಸುಮ್ಮನೆ ನಿಂತಳು. ಬದಲಾವಣೆ ಮಾಡದಿದ್ದರೆ ಆಟ ಮುಚ್ಚುತ್ತದೆ. ಮಾಡಿದರೆ ನಡುಗುವ ಕೈಗೆ ಬಾಗಿಲು ಮುಚ್ಚುತ್ತದೆ. ಅತ್ತ ದರಿ, ಇತ್ತ ಪುಲಿ.

ಹಳೆಯ ಕೀಲಿಯನ್ನೂ ಉಳಿಸಿದರೆ? ತಪ್ಪದೆ ತಾಗುವ ಕೀಲಿ ಇರುವಾಗ ತಪ್ಪಬಹುದಾದ ಸೀಸೆಯನ್ನು ಪರೀಕ್ಷೆಯಲ್ಲಿ ಯಾರೂ ಎಸೆಯಲಿಲ್ಲ. ಕೀಲಿಯ ಮದ್ದಿನ ಬಲ ತಗ್ಗಿಸಿದರೆ? ತಗ್ಗಿಸಿದ ವೈದ್ಯನನ್ನು ತಂಡದವರು ಮೂರನೆಯ ಆಟಕ್ಕೆ ಹೊರಹಾಕಿದರು. ಕೊನೆಗೆ ಅವಳು ಒಂದು ಕೆಲಸ ಮಾಡಿದಳು, ಮಾಡಬಾರದಿತ್ತು. ಅಪ್ಪನಿಗೆ ಹೇಳದೆ ಅವರ ಮೌಸಿನ ಚಲನೆಯನ್ನು ಒಂಬತ್ತು ದಿನ ದಾಖಲಿಸಿದಳು. ಕೈ ಸೆಕೆಂಡಿಗೆ ಐದು ಸಲ ನಡುಗುತ್ತಿತ್ತು, ಗಡಿಯಾರದಷ್ಟು ನಿಯಮಿತವಾಗಿ. ಆ ಐದು ನಡುಕವನ್ನು ಜರಡಿ ಹಿಡಿದು ತೆಗೆದರೆ ಉಳಿಯುವುದು ಅವರ ನಿಜವಾದ ಗುರಿ. ಅಂಥ ಜರಡಿಯಾಗುವ ಪ್ರೋಗ್ರಾಮ್ ಬರೆದಳು. ಗುರಿ ನೆಟ್ಟಗಾಯಿತು, ಆದರೆ ಜರಡಿಯಿಂದ ಇಳಿದು ಬರಲು ಸೆಕೆಂಡಿನ ಐದನೆಯ ಒಂದು ಪಾಲು ತಡವಾಯಿತು. ಅಷ್ಟರಲ್ಲಿ ಗಾಯಗೊಂಡವನು ಎರಡು ಹೆಜ್ಜೆ ಆಚೆಗೆ ಓಡಿಹೋಗಿರುತ್ತಿದ್ದ.

ಆ ನಡುಕದ ನಕ್ಷೆ ಅಚ್ಚಾಗಿದ್ದ ಕಾಗದ ಅವಳ ಚೀಲದಿಂದ ಅಪ್ಪನ ಕೈಗೆ ಸಿಕ್ಕಿತು. ಮೇಲೆ ಕೆಳಗೆ ಓಡುವ ಗೆರೆ, ಪಕ್ಕದಲ್ಲಿ 'ಅಪ್ಪ, ಬಲಗೈ' ಎಂಬ ಅವಳದೇ ಅಕ್ಷರ.

"ಏನೇ ಇದು?"

ಅವಳು ಎಲ್ಲವನ್ನೂ ಹೇಳಿದಳು. ಮಾಲೀಕರ ಗಡುವು, ಎಸೆಯುವ ಸೀಸೆ, ಜರಡಿ, ಎರಡು ಹೆಜ್ಜೆ. ಅಪ್ಪ ಕಾಗದವನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿದರು.

"ಕದ್ದು ಅಳತೆ ತಗೊಂಡಿದೀಯ. ಕೇಳಿದ್ರೆ ನಾನೇ ಕೈ ಚಾಚಿ ಕೊಡ್ತಿರ್ಲಿಲ್ವಾ?"

"ತಪ್ಪಾಯ್ತಪ್ಪ."

"ತಪ್ಪು ಬಿಡು. ಕದ್ದ ಅಳತೇಲಿ ಹೊಲಿದದ್ದು ಮೈಗೆ ಕೂರಲ್ಲ, ಅದಕ್ಕೇ ನಿಂಗೆ ಎರಡು ಹೆಜ್ಜೆ ತಪ್ಪಿದ್ದು." ಅವರು ಮಡಿಚಿದ ಕಾಗದವನ್ನು ಅವಳ ಊಟದ ತಟ್ಟೆಯ ಪಕ್ಕಕ್ಕಿಟ್ಟರು. "ಅಳತೆ ತಗೋವಾಗ ನಾನು ಗಿರಾಕಿ ಹಿಂದೆ ಟೇಪ್ ಹಿಡ್ಕೊಂಡು ಓಡ್ತಿದ್ನಾ? ಅವನು ನನ್ನ ಮುಂದೆ ಬಂದು ನಿಲ್ತಿದ್ದ. ಅಲ್ಲಾಡಿದ್ರೆ ಬೈತಿದ್ದೆ."

ಅವಳು ತಟ್ಟೆ ಬಿಟ್ಟು ಎದ್ದಳು. ಮರುದಿನ ಸೀಸೆಯ ಜೊತೆ ಇನ್ನೊಂದು ನಿಯಮ ಸೇರಿತು: ಗಾಯಗೊಂಡವನು ವೈದ್ಯನಿಂದ ಮೂರು ಹೆಜ್ಜೆಯ ಒಳಗೆ ಬಂದು ಒಂದು ಸೆಕೆಂಡು ಕದಲದೆ ನಿಂತರೆ ಮದ್ದು ತಾನಾಗಿ ತಾಗುತ್ತದೆ. ಕಾಳಗದ ನಡುವೆ ಒಂದು ಸೆಕೆಂಡು ನಿಲ್ಲುವುದು ಎಂದರೆ ಎದುರಾಳಿಗೆ ಎದೆ ತೋರಿಸಿದಂತೆ. ನಿಂತವನಿಗೆ ಗುರಾಣಿ ಅಡ್ಡ ಬರಬೇಕು, ಹೊಡೆಯುವವರು ಸುತ್ತ ನೋಡಿಕೊಳ್ಳಬೇಕು. ಮಾಯಿಸುವುದು ಒಬ್ಬನ ಕೆಲಸವಾಗಿದ್ದದ್ದು ತಂಡದ ಕೆಲಸವಾಗುತ್ತಿತ್ತು. "ಯಾರು ನಿಲ್ತಾರಕ್ಕಾ?" ಎಂದಳು ಮಿಂಚು. ಆದರೂ ಬರೆದುಕೊಟ್ಟಳು.

ಇಪ್ಪತ್ತೆಂಟನೆಯ ದಿನ ಬದಲಾವಣೆ ಬಿಡುಗಡೆಯಾಯಿತು. ಸರಾಸರಿ ಹದಿನಾಲ್ಕಾಯಿತು, ಒಂಬತ್ತಾಯಿತು, ಏಳಾಯಿತು. ಎಸೆಯುವ ವೈದ್ಯರು ಸಂತೆಯ ಹಾಗೆ ಬಂದರು. ಮಿಂಚು ಹೇಳಿದ ಇನ್ನೊಂದು ಮಾತೂ ನಿಜವಾಯಿತು: ಯಾರೂ ನಿಲ್ಲಲಿಲ್ಲ. ಗೋಡೆ ಎರಡು ವಾರದ ಮಟ್ಟಿಗೆ ಮಧ್ಯಾಹ್ನದ ಪಾಳಿಗೆ ಹೋಗಿದ್ದಳು, ಅವಳಿಲ್ಲದೆ ತಂಡ ಕೂಡಲಿಲ್ಲ. ಅಪ್ಪ ಅಪರಿಚಿತರ ಜೊತೆ ಆಡಿದರು. ಅವರ ಸೀಸೆಗಳು ನೆಲಕ್ಕೆ, ಕಂಬಕ್ಕೆ, ಒಮ್ಮೆ ಎದುರಾಳಿಯ ಕಾಲಿಗೇ ಬಿದ್ದವು. ಸತತ ಹನ್ನೊಂದು ಸೋಲು. ಹನ್ನೊಂದನೆಯದರಲ್ಲಿ ಒಬ್ಬ, "ತಾತ, ಕುಡಿದು ಬಂದಿದೀಯಾ?" ಎಂದ. ಅಪ್ಪ ಹೆಡ್‌ಫೋನಿನ ತಂತಿ ಸುತ್ತಿಟ್ಟು, ಹಳೆಯ ಅಂಗಡಿಯಲ್ಲಿ ಸಂಜೆ ಹೊಲಿಗೆ ಮೆಷಿನ್ನಿಗೆ ಹೊದಿಸುತ್ತಿದ್ದ ನೀಲಿ ಬಟ್ಟೆಯನ್ನು ಹುಡುಕಿ ತಂದು ಕಂಪ್ಯೂಟರಿಗೆ ಹೊದಿಸಿದರು. ಅದು ಮೂವತ್ತನಾಲ್ಕನೆಯ ದಿನ.

ಕೈ ತೊಡೆಯ ಕೆಳಗೆ ಹೋಯಿತು. ತಕ್ಕಡಿ ಬೆಳಿಗ್ಗೆ ಕಚೇರಿಗೆ ಹೋಗುವಾಗ ಅವರು ಕಿಟಕಿ ನೋಡುತ್ತಿದ್ದರು, ಸಂಜೆ ಬರುವಾಗಲೂ ಕಿಟಕಿ ನೋಡುತ್ತಿದ್ದರು. ತಟ್ಟೆಯಲ್ಲಿ ಹಾಕಿದ್ದರಲ್ಲಿ ಅರ್ಧ ಉಳಿಯುತ್ತಿತ್ತು. ಅವಳು ಏನಾದರೂ ಹೇಳಲು ಹೋದರೆ, "ನಿನ್ನ ಆಟ ಉಳೀತಲ್ಲ ಪುಟ್ಟಿ, ಸಾಕು" ಎನ್ನುತ್ತಿದ್ದರು. ಯಾರಿಗಾಗಿ ಉಳಿಸಲು ಹೊರಟಿದ್ದಳೋ ಅವರನ್ನೇ ಹೊರಗೆ ನಿಲ್ಲಿಸಿ ಬಾಗಿಲು ಭದ್ರ ಮಾಡಿದ್ದಳು.

ನಲವತ್ತನೆಯ ದಿನ ಸಂಜೆ ಐದೂವರೆಗೆ ಎಡಗಡೆಯ ಪರದೆಯಲ್ಲಿ ನಾಲ್ಕು ನಿಮಿಷ ಐವತ್ನಾಲ್ಕು ಸೆಕೆಂಡು ಎಂದಿತ್ತು. ಉಳಿದವರೆಲ್ಲ ಅವಳ ಮೇಜಿನ ಸುತ್ತ ಬಂದು ಹೋಗುತ್ತಿದ್ದರು. ಮಿಂಚು ಉಗುರು ಕಚ್ಚುತ್ತಿದ್ದಳು. ತಕ್ಕಡಿ ಅಭ್ಯಾಸದಂತೆ ಇನ್ನೂ ಕ್ಯೂನಲ್ಲಿರುವವರ ಪಟ್ಟಿ ತೆರೆದಳು. ಎರಡು ನಿಮಿಷ, ನಾಲ್ಕು ನಿಮಿಷ, ಮೂರು ನಿಮಿಷ. ಕೊನೆಯಲ್ಲಿ ಒಂದೇ ತಂಡದ ನಾಲ್ವರು: ಮೂರು ಗಂಟೆ. ದೋಷವೇ ಇರಬೇಕೆಂದು ಒಳಹೊಕ್ಕು ನೋಡಿದಳು. ದೋಷವಲ್ಲ. ಆಟ ಅವರಿಗೆ ಒಬ್ಬರಾದ ಮೇಲೆ ಒಬ್ಬರಂತೆ ಅರವತ್ತೊಂದು ವೈದ್ಯರನ್ನು ತೋರಿಸಿತ್ತು. ಅರವತ್ತೊಂದು ಸಲವೂ ತಂಡದ ಮುಂದಾಳು 'ಬೇಡ' ಒತ್ತಿದ್ದಳು. ಮುಂದಾಳಿನ ಹೆಸರು ಗೋಡೆ.

ಫೋನ್ ಬಂದದ್ದು ಐದು ಮೂವತ್ತೆಂಟಕ್ಕೆ.

"ಪುಟ್ಟಿ, ಕೆಲ್ಸದಲ್ಲಿದೀಯಾ?"

"ಹೇಳಪ್ಪ."

"ಗೋಡೆ ಮೆಸೇಜ್ ಹಾಕಿದಾಳೆ, ಈಗ ನೋಡ್ದೆ. ಎರಡೂವರೆಯಿಂದ ನಿಂತಿದಾರಂತೆ, ನಾಲ್ಕೂ ಜನ. 'ಅಂಗಡಿ ತೆಗೀತೀರೋ, ಬಾಗ್ಲು ಒಡೀಬೇಕೋ' ಅಂತ ಬರ್ದಿದಾಳೆ."

"ನೀನೇನಂದೆ?"

"ಏನೂ ಅಂದಿಲ್ಲ. ಬಟ್ಟೆ ತೆಗ್ದಿದೀನಿ ಅಷ್ಟೆ. ಕೂತ್ಕೊಳ್ಳಾ?" ಅವಳ ಕಣ್ಣು ಸರಾಸರಿಯ ಕಡೆ ತಿರುಗುವಷ್ಟರಲ್ಲಿ ಅವರೇ ಮುಂದುವರಿಸಿದರು. "ಬೇಡ್ವೇನೋ, ಅಲ್ವಾ?"

ಅವಳ ತಲೆಯೊಳಗೆ ಲೆಕ್ಕ ಆಗಲೇ ಮುಗಿದಿತ್ತು. ಇವತ್ತು ಇಲ್ಲಿಯವರೆಗೆ ಮೂರು ಸಾವಿರದ ಆರುನೂರು ಜನ ಆಡಿದ್ದರು. ಈ ನಾಲ್ವರ ಆಟ ಈಗ ಶುರುವಾದರೆ ಅವರು ಕಾದ ಒಟ್ಟು ಏಳುನೂರ ಇಪ್ಪತ್ತು ನಿಮಿಷ ಸರಾಸರಿಗೆ ಸೇರುತ್ತದೆ. ಒಬ್ಬೊಬ್ಬರ ಪಾಲಿಗೆ ಹನ್ನೆರಡು ಸೆಕೆಂಡು. ಐದು ನಿಮಿಷ ದಾಟುತ್ತದೆ. ಆರು ಗಂಟೆಯ ನಂತರ ಶುರುವಾದರೆ ಏನೂ ಆಗುವುದಿಲ್ಲ. ಅವಳು ಹೇಳಬೇಕಾದದ್ದು ಒಂದೇ ವಾಕ್ಯ: ಇಪ್ಪತ್ತೆರಡು ನಿಮಿಷ ಬಿಟ್ಟು ಕೂತ್ಕೋ ಅಪ್ಪ.

ಆರು ದಿನದ ಮೇಲೆ ಬಟ್ಟೆ ತೆಗೆದ ಕೈ ಅದು. 'ಆಮೇಲೆ' ಎಂದರೆ ಅದು ಬಟ್ಟೆಯನ್ನು ಮತ್ತೆ ಹೊದಿಸುತ್ತದೆ, ಅದೂ ಅವಳಿಗೆ ಗೊತ್ತಿತ್ತು. ಅದಕ್ಕಿಂತ ಅವಳನ್ನು ಕುಟುಕಿದ್ದು ಪರದೆಯ ಅಂಕಿ. ನಾಲ್ವರು ಮೂರು ಗಂಟೆ ಕಾದದ್ದು ನಿಜ. ಅವರನ್ನು ಲೆಕ್ಕದಿಂದ ಬಿಟ್ಟಿದ್ದರಿಂದಲೇ ಆ ಅಂಕಿ ಐದರ ಒಳಗಿತ್ತು. ಇನ್ನೂ ಹೀಗೆ ಕಾದು, ಸಿಗದೆ ಎದ್ದುಹೋದವರನ್ನು ಹನ್ನೊಂದು ವರ್ಷ ಅವಳು ಎಣಿಸಿಯೇ ಇರಲಿಲ್ಲ.

"ಕೂತ್ಕೋ ಅಪ್ಪ," ಎಂದಳು. "ಈಗಲೇ ಕೂತ್ಕೋ."

ಐದು ನಲವತ್ತೊಂದಕ್ಕೆ ಪರದೆ ಐದು ನಿಮಿಷ ಆರು ಸೆಕೆಂಡು ತೋರಿಸಿತು. ಯಾರೋ ಕಿರುಚಿದರು. ಮುಖ್ಯಸ್ಥರು ಗಾಜಿನ ಕೋಣೆಯಿಂದ ಓಡಿಬಂದರು.

"ಏನಮ್ಮ ಇದು? ಈಗ ತಾನೆ ನಾಲ್ಕು ಐವತ್ನಾಲ್ಕಿತ್ತು!"

ಅವಳು ಆ ಸಾಲನ್ನು ತೋರಿಸಿದಳು.

"ಮೂರು ಗಂಟೆ ಯಾರು ಕಾಯ್ತಾರೆ? ದೋಷ ಇದು. ತೆಗೆದುಹಾಕು, ದೋಷ ಅಂತ ಬರಿ."

"ದೋಷ ಅಲ್ಲ ಸರ್. ನಮ್ಮಪ್ಪನ ಗಿರಾಕಿಗಳು." ಅವಳು ಫೋನಿನ ಮಾತನ್ನೂ, ಇಪ್ಪತ್ತೆರಡು ನಿಮಿಷವನ್ನೂ ಮುಚ್ಚಿಡದೆ ಹೇಳಿದಳು.

ಮುಖ್ಯಸ್ಥರು ಹತ್ತಿರದ ಕುರ್ಚಿ ಎಳೆದು ಕುಸಿದರು. "ಇಪ್ಪತ್ಮೂರು ಜನರ ಅನ್ನ, ತಕ್ಕಡಿ." ಅವಳು ತಲೆ ತಗ್ಗಿಸಿದಳು. ಮಿಂಚು ಅವಳ ಕಡೆ ನೋಡದೆ ಕೈಚಾಚಿ ಆ ಆಟವನ್ನು ನಡುವಿನ ಪರದೆಗೆ ತಂದಳು.

ಕಲ್ಲಿನ ಅಂಗಳ, ಎದುರಿಗೆ ಐವರು. ಗೋಡೆಯ ಎದೆಗೆ ಏಟು ಬಿತ್ತು, ಪ್ರಾಣ ನಲವತ್ತಕ್ಕೆ ಇಳಿಯಿತು. ಅವಳು ಓಡಲಿಲ್ಲ. ತಿರುಗಿ ಬಂದು ದರ್ಜಿಯ ಮುಂದೆ ನಿಂತಳು, ಕೈಗಳನ್ನು ಎರಡೂ ಬದಿಗೆ ಚಾಚಿ, ಅಳತೆಗೆ ನಿಂತಂತೆ. ಉಳಿದ ಮೂವರು ಸುತ್ತುಗಟ್ಟಿದರು. ಒಂದು ಸೆಕೆಂಡು. ಮದ್ದು ತಾಗಿತು. ಅವಳು ಹೋದಳು, ಇನ್ನೊಬ್ಬ ಬಂದು ನಿಂತ. ಸ್ಪೀಕರಿನಲ್ಲಿ ಅವಳ ದನಿ ಕೇಳಿತು: "ಅಲ್ಲಾಡ್ಬೇಡ್ರೋ, ಬೈತಾರೆ!" ಆಮೇಲೆ ತಕ್ಕಡಿಗೆ ಪರಿಚಿತವಾದ ದನಿ: "ಹೊಟ್ಟೆ ಒಳಗೆ ಎಳ್ಕೋಬೇಡ. ಇದ್ದಂಗೆ ನಿಲ್ಲು."

ಅವರು ಸೋತರು. ಏಳು ನಿಮಿಷದಲ್ಲಿ ನಿಂತ ಸೆಕೆಂಡುಗಳಿಗೆಲ್ಲ ಎದುರಾಳಿಗಳು ಬೆಲೆ ವಸೂಲು ಮಾಡಿದರು. ಸೋತ ಕೂಡಲೇ ಐವರೂ ಮತ್ತೆ ಕ್ಯೂಗೆ ಬಂದರು.

ಆರು ಗಂಟೆಗೆ ಅಂಕಿ ಐದು ನಿಮಿಷ ಐದು ಸೆಕೆಂಡಿನಲ್ಲಿ ನಿಂತಿತು. ಮುಖ್ಯಸ್ಥರು ಅದನ್ನು ಹಾಗೆಯೇ ಕಳಿಸಿದರು, ಅರವತ್ತೊಂದು 'ಬೇಡ'ಗಳ ಸಾಲನ್ನೂ ಜೊತೆಗಿಟ್ಟು. ಗಾಜಿನ ಕೋಣೆಯಲ್ಲಿ ಫೋನ್ ಹಿಡಿದು ನಲವತ್ತು ನಿಮಿಷ ಮಾತಾಡಿದರು. ಹೊರಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ.

"ಮೂರು ಗಂಟೆ ಕಾಯೋರು ಇದಾರೆ ಅಂತ ಸರ್ವರ್ ಇನ್ನೊಂದು ವರ್ಷ ಇಡ್ತಾರಂತೆ. ಕಚೇರೀಲಿ ಮಾತ್ರ ಹದಿನಾಲ್ಕೇ ಜನ. ಒಂಬತ್ತು ಹೆಸರು ನಾನೇ ಬರ್ದು ಕೊಡ್ಬೇಕಂತೆ."

ತಕ್ಕಡಿ ಎದ್ದು ಹೋಗಿ ಅವರ ಮುಂದೆ ನಿಂತಳು.

"ಮೊದಲ್ನೇದು ನನ್ನದು ಬರೀರಿ ಸರ್."

ಅವರು ಬೇಡವೆನ್ನಲಿಲ್ಲ. ಪೆನ್ನಿನ ಮುಚ್ಚಳ ತೆಗೆಯುವುದಕ್ಕೆ ಮಾತ್ರ ಬಹಳ ಹೊತ್ತು ತೆಗೆದುಕೊಂಡರು. ಹೊರಡುವ ಮೊದಲು ಅವಳು ಮಿಂಚುವಿಗೆ ಒಂದು ಚೀಟಿ ಬರೆದಿಟ್ಟಳು: ಎದ್ದುಹೋದವರನ್ನೂ ಎಣಿಸಬೇಕು. ಮಿಂಚು ಚೀಟಿ ತೆಗೆದುಕೊಂಡಳು, ಮುಖವೆತ್ತಲಿಲ್ಲ. ಉಳಿದ ಎಂಟು ಹೆಸರು ಯಾವುವೆಂದು ಮಿಂಚುವಿಗೆ ಇನ್ನೂ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ತಕ್ಕಡಿ ಮನೆಯಲ್ಲಿದ್ದಳು. ಹನ್ನೊಂದು ವರ್ಷದಲ್ಲಿ ವಾರದ ನಡುವೆ ಆ ಹೊತ್ತಿನ ಬಿಸಿಲು ಯಾವ ಗೋಡೆಗೆ ಬೀಳುತ್ತದೆಂದು ಅವಳು ನೋಡಿಯೇ ಇರಲಿಲ್ಲ. ಕೆಲಸ ಹೋದದ್ದನ್ನು ಹೇಗೆ ಹೇಳುವುದೆಂದು ಯೋಚಿಸುತ್ತ ಅಪ್ಪನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಳು. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ಪರದೆಯ ಮೂಲೆಯ ಸಣ್ಣ ಅಂಕಿಯನ್ನು ನೋಡುತ್ತಿದ್ದರು.

"ಪುಟ್ಟಿ, ಇದೇನೇ? ಮೊದಲೆಲ್ಲ ನಾನು ಬಂದ ತಕ್ಷಣ ಬಾಗ್ಲು ತೆಗೀತಿತ್ತು. ಈಗ ಎರಡು ನಿಮಿಷ ನಲವತ್ತು ಸೆಕೆಂಡು ಅಂತಿದೆ."

"ವೈದ್ಯರು ಜಾಸ್ತಿ ಆಗಿದಾರಪ್ಪ. ಇನ್ಮೇಲೆ ನೀನೂ ಕಾಯ್ಬೇಕು."

"ಹೌದಾ." ಅವರು ನಡುಗುವ ಕೈಯನ್ನು ಮೇಜಿನ ಮೇಲೆ, ಕಾಣುವಂತೆಯೇ ಇಟ್ಟರು. "ಅವರು ಮೂರು ಗಂಟೆ ಕಾದ್ರಲ್ಲ." ಆಮೇಲೆ ಗಡಿಯಾರ ನೋಡಿ, ಅವಳ ಕಡೆ ತಿರುಗಿದರು. "ನೀನ್ಯಾಕೆ ಈ ಹೊತ್ನಲ್ಲಿ ಮನೇಲಿದೀಯ?"